ವೇಣುಗ್ರಾಮದ ಕೋಟೆಯೂ ರಟ್ಟ ಜಿನಾಲಯವೂ

ಜಿನಾಲಯವನ್ನು ಕಟ್ಟಿಸುವುದು ಪುಣ್ಯಕಾರ್ಯ. ಕಟ್ಟಿದ ಜಿನಾಲಯವು ಬೀಳದಂತೆ ಕಾಯುವುದು ಅದಕ್ಕಿಂತಲೂ ಕಠಿಣವಾದ ಕಾರ್ಯ. ಕಟ್ಟುವಾಗ ಊರೇ ಕೂಡುತ್ತದೆ, ವಾದ್ಯ ಮೊಳಗುತ್ತದೆ, ದಾನಿಗಳ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ. ಕಾಯುವಾಗ ಮಳೆಗಾಲಕ್ಕೆ ಮೊದಲು ಚಾವಣಿಯ ಮೇಲೆ ಹತ್ತಿ ಅಲ್ಲಿ ಬೆಳೆದ ಗಿಡವನ್ನು ಕಿತ್ತುಹಾಕುವ ಒಬ್ಬ ಆಳು ಮಾತ್ರ ಇರುತ್ತಾನೆ. ಆ ಆಳಿಗೆ ಕೂಲಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರವಿದ್ದ ತನಕ ಕಟ್ಟಡ ನಿಲ್ಲುತ್ತದೆ. ಈ ಮಾತಿಗೆ ಬೆಳಗಾವಿಯ ಕೋಟೆ ಮತ್ತು ಅದರೊಳಗಿನ ಜಿನಾಲಯಗಳ ಎಂಟುನೂರು ವರ್ಷಗಳ ಚರಿತ್ರೆಯೇ ಸಾಕ್ಷಿಯಾಗಿದೆ.

ವೇಣುಗ್ರಾಮ ಮತ್ತು ರಟ್ಟರು

ಇಂದಿನ ಬೆಳಗಾವಿಗೆ ಶಾಸನಗಳಲ್ಲಿ ವೇಣುಗ್ರಾಮ, ವೇಳುಗ್ರಾಮ ಎಂಬ ಹೆಸರುಗಳಿವೆ. ಬಿದಿರಿನ ಊರು ಎಂಬುದೇ ಅದರ ಅರ್ಥ. ಆಂಗ್ಲರ ಆಳ್ವಿಕೆಯಲ್ಲಿ ಬೆಲ್ಗಾಮ್ ಎಂದು ಬರೆಯಲ್ಪಡುತ್ತಿದ್ದ ಈ ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ ಎಂದಾಯಿತು. ಸಹ್ಯಾದ್ರಿಯ ಮೂಡಣ ಮಗ್ಗುಲಲ್ಲಿ, ಕೊಂಕಣದ ಘಟ್ಟದ ದಾರಿಗಳು ಬಯಲುಸೀಮೆಗೆ ಇಳಿಯುವ ಎಡೆಯಲ್ಲಿ ಇರುವುದರಿಂದ, ಈ ಸ್ಥಳವು ಪ್ರಾಚೀನ ಕಾಲದಿಂದಲೂ ಅರಸರಿಗೂ ವರ್ತಕರಿಗೂ ಬೇಕಾದುದಾಗಿತ್ತು. ವೇಣುಗ್ರಾಮ ಎಪ್ಪತ್ತು ಎಂಬ ಈ ನಾಡು ಮೊದಲು ಗೋವೆಯ ಕದಂಬರ ಅಧೀನದಲ್ಲಿದ್ದು, ಹನ್ನೆರಡನೆಯ ಶತಮಾನದ ಕೊನೆಯ ವೇಳೆಗೆ ರಟ್ಟರ ವಶಕ್ಕೆ ಬಂದಿತು.

ರಟ್ಟರು ಕೂಂಡಿ ಮೂರು ಸಾಸಿರವೆಂಬ ನಾಡನ್ನು ಆಳಿದ ಮಹಾಮಂಡಲೇಶ್ವರರು. ಲಟ್ಟಲೂರ ಪುರವರಾಧೀಶ್ವರರೆಂಬುದು ಅವರ ಬಿರುದು. ಆನೆ ಅವರ ಲಾಂಛನ. ಸುವರ್ಣಗರುಡ ಅವರ ಧ್ವಜ. ರಾಷ್ಟ್ರಕೂಟರ ಕಾಲದಿಂದ ಕಲ್ಯಾಣದ ಚಾಲುಕ್ಯರ ಕಾಲದವರೆಗೆ ಸಾಮಂತರಾಗಿದ್ದ ಇವರ ಮೊದಲ ರಾಜಧಾನಿ ಸುಗಂಧವರ್ತಿ, ಎಂದರೆ ಇಂದಿನ ಸವದತ್ತಿ. ಅಲ್ಲಿ ಕ್ರಿ.ಶ. 980ರಲ್ಲಿ ಶಾಂತಿವರ್ಮನು ಜಿನಾಲಯವನ್ನು ಕಟ್ಟಿಸಿ ಭೂಮಿಯನ್ನು ದತ್ತಿ ಬಿಟ್ಟ ಸಂಗತಿಯನ್ನು ಸವದತ್ತಿಯ ಶಾಸನ ಹೇಳುತ್ತದೆ. ಆ ಮನೆತನದ ಜಿನಭಕ್ತಿ ತಲೆತಲಾಂತರದ್ದು.

ಕಲ್ಯಾಣದ ಚಾಲುಕ್ಯರ ಪ್ರಭಾವ ಕುಗ್ಗಿದ ಮೇಲೆ ರಟ್ಟರು ಬಹುಮಟ್ಟಿಗೆ ಸ್ವತಂತ್ರರಾದರು. ಆ ಸುಸಂಧಿಯಲ್ಲಿ ಆಳಿದವನು ನಾಲ್ಕನೆಯ ಕಾರ್ತವೀರ್ಯ. ಅವನ ತಮ್ಮ ಮಲ್ಲಿಕಾರ್ಜುನನು ಯುವರಾಜನಾಗಿ ಅವನೊಡನೆ ರಾಜ್ಯಭಾರದಲ್ಲಿ ಪಾಲ್ಗೊಂಡಿದ್ದನು. ಪಾರ್ಶ್ವನಾಥ ಪುರಾಣವನ್ನು ರಚಿಸಿದ ಪಾರ್ಶ್ವಪಂಡಿತನು ಈ ಕಾರ್ತವೀರ್ಯನ ಆಸ್ಥಾನಕವಿ. ಖಡ್ಗ, ಕಾವ್ಯ, ಧರ್ಮ ಈ ಮೂರೂ ಒಂದೆಡೆ ನೆಲೆಸಿದ್ದ ಆ ಕಾಲದಲ್ಲಿ ವೇಣುಗ್ರಾಮವು ರಟ್ಟರ ರಾಜಧಾನಿಯ ಪದವಿಗೆ ಏರಿತು.

ಬೀಚಿರಾಜನ ಕೋಟೆ ಮತ್ತು ಬಸದಿ

ಕಾರ್ತವೀರ್ಯನ ಮಂತ್ರಿ ಬೀಚಣ. ಜನರ ಬಾಯಲ್ಲಿ ಅವನು ಬೀಚಿರಾಜನೆಂದೇ ಪ್ರಸಿದ್ಧ. ಬೆಳಗಾವಿಯ ಕೋಟೆಯ ಮೊದಲ ನಿರ್ಮಾಣವನ್ನು ಇವನಿಗೇ ಸಲ್ಲಿಸುವ ರೂಢಿಯಿದೆ. ಗುಡ್ಡದ ನೆತ್ತಿಯಲ್ಲದೆ ಬಯಲಿನಲ್ಲಿಯೇ ನಿಂತಿರುವ ಈ ಕೋಟೆಗೆ ಪ್ರಕೃತಿಯ ಆಸರೆ ಕಡಿಮೆ. ಆದುದರಿಂದ ಸುತ್ತಲೂ ಅಗಲವಾದ ಆಳವಾದ ಕಂದಕವನ್ನು ಕೆಮ್ಮಣ್ಣಿನ ಮೃದುಕಲ್ಲಿನಲ್ಲಿ ತೋಡಿ, ಒಳಗೆ ಗೋಡೆಯನ್ನೆತ್ತಿ, ಉರುಟಾದ ಕೊತ್ತಳಗಳನ್ನು ಕಟ್ಟಲಾಗಿದೆ. ಕೋಟೆಯ ಆಕಾರ ಸರಿಯಾದ ವೃತ್ತವೂ ಅಲ್ಲ, ಚೌಕವೂ ಅಲ್ಲ, ಮೊಟ್ಟೆಯಂತೆ ಉದ್ದುರುಟಾಗಿದೆ. ಅದರ ಉದ್ದ ಸುಮಾರು 1,000 ಗಜ, ಅಗಲ ಸುಮಾರು 700 ಗಜ. ಇಂದು ಕಾಣುವ ಗೋಡೆಯ ಬಹುಭಾಗ ತರುವಾಯದ ಕಾಲದ ಕೆಲಸ.

ಈ ಕೋಟೆಯೊಳಗೆ ಬೀಚಣನು 1204ರಲ್ಲಿ ಕಟ್ಟಿಸಿದ ಜಿನಾಲಯಕ್ಕೆ ರಟ್ಟ ಜಿನಾಲಯವೆಂದು ಹೆಸರು. ತನ್ನ ಹೆಸರನ್ನಾಗಲಿ ತನ್ನ ತಂದೆತಾಯಿಗಳ ಹೆಸರನ್ನಾಗಲಿ ಇಡದೆ, ತಾನು ಸೇವೆ ಸಲ್ಲಿಸುತ್ತಿದ್ದ ಅರಸು ಮನೆತನದ ಹೆಸರನ್ನು ಬಸದಿಗೆ ಇಟ್ಟ ಮಂತ್ರಿಯ ವಿನಯವು ಗಮನಾರ್ಹವಾದುದು. ಕೋಟೆಯೊಳಗೆ ಇಂದು ಕಮಲ ಬಸದಿಯೆಂದು ಹೆಸರಾಗಿರುವ ಜಿನಾಲಯವು ಬೀಚಿರಾಜನ ಕಾಲದ ಕೃತಿಯೆಂದು ಪ್ರಸಿದ್ಧವಾಗಿದೆ. ಅದರ ಗರ್ಭಗೃಹದಲ್ಲಿ ಭಗವಾನ್ ನೇಮಿನಾಥ ತೀರ್ಥಂಕರರ ಕರಿಯ ಶಿಲೆಯ ಬಿಂಬವಿದೆ. ಮಂಟಪದ ಮಧ್ಯದ ಚಾವಣಿಯಿಂದ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲವೇ ಬಸದಿಗೆ ಈ ಹೆಸರನ್ನು ತಂದಿತು. ಆ ಕಮಲಕ್ಕೆ 72 ದಳಗಳು. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳ 24 24 ತೀರ್ಥಂಕರರಿಗೆ ಒಂದೊಂದು ದಳ. ಕೆಳಗೆ ನಿಂತು ತಲೆಯೆತ್ತಿ ನೋಡುವ ಶ್ರಾವಕನಿಗೆ ತ್ರಿಕಾಲದ ಜಿನರ ಸಮ್ಮುಖದಲ್ಲಿಯೇ ನಿಂತ ಅನುಭವವಾಗುತ್ತದೆ. ಇದರ ಸಮೀಪದಲ್ಲಿ ಚಿಕ್ಕಿ ಬಸದಿಯೆಂಬ ಇನ್ನೊಂದು ಜಿನಾಲಯದ ಅವಶೇಷವೂ ಉಂಟು.

ಶಾಸನಗಳು ಹೇಳುವ ವ್ಯವಸ್ಥೆ

ಬೀಚಣನು ಕಲ್ಲನ್ನು ಕಡೆಯಿಸಿ ಕೈತೊಳೆದುಕೊಂಡವನಲ್ಲ. ಬಸದಿಯ ಮುಂದಿನ ದಿನಗಳ ವಿಚಾರವನ್ನು ಅರಸನ ಮುಂದಿಟ್ಟು ವ್ಯವಸ್ಥೆ ಮಾಡಿಸಿದನು. ಬೆಳಗಾವಿಯ ಎರಡು ಶಿಲಾಶಾಸನಗಳು ಈ ವ್ಯವಸ್ಥೆಯ ದಾಖಲೆ. ಶಕ 1127 ಎಂದು ಹೇಳಿರುವ ರಕ್ತಾಕ್ಷಿ ಸಂವತ್ಸರದ ಪುಷ್ಯ ಮಾಸ, ಎಂದರೆ ಕ್ರಿ.ಶ. 1204ರ ಡಿಸೆಂಬರ್, ಇವುಗಳ ಕಾಲ. ಅದೇ ಕಾಲದಲ್ಲಿ ಕಲ್ಹೊಳಿಯಲ್ಲಿಯೂ ಶಾಂತಿನಾಥ ಜಿನಾಲಯಕ್ಕೆ ಕಾರ್ತವೀರ್ಯನು ದತ್ತಿಯನ್ನು ಬಿಟ್ಟನು. ಬೆಳಗಾವಿಯ ಶಾಸನದ ಕವಿ ಬಾಲಚಂದ್ರ ಕವಿಕಂದರ್ಪ.

ಈ ಶಾಸನಗಳ ಪ್ರಕಾರ ದಾನವನ್ನು ಕೈಕೊಂಡವರು ರಟ್ಟ ಜಿನಾಲಯದ ಆಚಾರ್ಯರಾದ ಶುಭಚಂದ್ರ ಭಟ್ಟಾರಕರು. ಅವರು ಮೂಲಸಂಘದ ಕೊಂಡಕುಂದಾನ್ವಯಕ್ಕೆ ಸೇರಿದವರು. ಕೊರವಳ್ಳಿ ಕಂಪಣದ ಉಂಬರವಾಣಿ ಎಂಬ ಗ್ರಾಮವು ಬಸದಿಗೆ ಸಂದಿತು. ಅರಸನ ದತ್ತಿಯ ಜೊತೆಗೆ ಊರಿನ ವರ್ತಕ ಸಮುದಾಯವೂ ತನ್ನ ಪಾಲನ್ನು ಸಲ್ಲಿಸಿತು. ವೇಣುಗ್ರಾಮದ ಸೆಟ್ಟಿಗಳಷ್ಟೇ ಅಲ್ಲ, ದೂರದ ಲಾಟ ದೇಶದಿಂದಲೂ ಮಲೆಯಾಳದಿಂದಲೂ ಬಂದು ಇಲ್ಲಿ ವ್ಯಾಪಾರ ನಡೆಸುತ್ತಿದ್ದವರು ಕೂಡಿ, ತಾವು ಮಾರುವ ಸರಕುಗಳ ಮೇಲೆ ಇಷ್ಟಿಷ್ಟು ಎಂದು ಬಸದಿಗೆ ಆಯವನ್ನು ನಿಗದಿ ಮಾಡಿಕೊಟ್ಟರು. ಧಾನ್ಯದವರು ಧಾನ್ಯವನ್ನು, ಎಲೆಯವರು ಎಲೆಯನ್ನು, ಎಣ್ಣೆಯವರು ಎಣ್ಣೆಯನ್ನು ಕೊಡುವ ಪದ್ಧತಿ ಅದು.

ವ್ಯಾಪಾರದ ಲೆಕ್ಕ ಬಲ್ಲವರು ಈ ಏರ್ಪಾಡನ್ನು ಸೂಕ್ಷ್ಮವಾಗಿ ಗಮನಿಸಬೇಕು. ಇಲ್ಲಿ ಮೂರು ಅಂಶಗಳಿವೆ. ಮೊದಲನೆಯದು, ಭೂಮಿಯ ಉತ್ಪನ್ನ. ಅದು ಮೂಲಧನ ಕರಗದೆ ವರ್ಷವರ್ಷವೂ ಬರುವ ಆದಾಯ. ಎರಡನೆಯದು, ಪೇಟೆಯ ಆಯ. ಬೆಳೆ ಕೆಟ್ಟ ವರ್ಷದಲ್ಲಿಯೂ ವ್ಯಾಪಾರ ನಡೆಯುತ್ತದೆ, ವ್ಯಾಪಾರ ಕುಂದಿದ ವರ್ಷದಲ್ಲಿಯೂ ಬೆಳೆ ಬರಬಹುದು, ಆದುದರಿಂದ ಒಂದಕ್ಕೊಂದು ಆಸರೆ. ಮೂರನೆಯದು, ಹೊಣೆ ಹೊತ್ತ ವ್ಯಕ್ತಿ. ಹಣವು ಹತ್ತು ಜನರ ಕೈಗೆ ಹೋಗದೆ ಒಬ್ಬ ಆಚಾರ್ಯರ ಕೈಯಲ್ಲಿ, ಅವರ ತರುವಾಯ ಅವರ ಶಿಷ್ಯರ ಕೈಯಲ್ಲಿ ನಿಲ್ಲುತ್ತಿತ್ತು. ಪೂಜೆ, ಮುನಿಗಳ ಆಹಾರದಾನ, ಇವುಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರ, ಎಂದರೆ ಒಡೆದು ಬಿರಿದುದನ್ನು ಸರಿಪಡಿಸುವ ಕೆಲಸ, ಅಂದಿನ ಬಸದಿಗಳ ದತ್ತಿಗಳ ಮುಖ್ಯ ಉದ್ದೇಶವಾಗಿತ್ತು. ಕಟ್ಟಡ ಹೊಸದಾಗಿರುವಾಗಲೇ ಅದು ಮುಂದೆ ಬಿರಿಯುವುದೆಂದು ತಿಳಿದು ಅದರ ಖರ್ಚನ್ನು ತೆಗೆದಿರಿಸುತ್ತಿದ್ದರು. ಇದಕ್ಕಿಂತ ದೊಡ್ಡ ದೂರದೃಷ್ಟಿ ಬೇರೊಂದಿಲ್ಲ.

ಕೈ ಬದಲಾದ ಕೋಟೆ

ರಟ್ಟರ ವೈಭವವು ಬಹುಕಾಲ ನಿಲ್ಲಲಿಲ್ಲ. ಕಾರ್ತವೀರ್ಯನ ಮಗ ಎರಡನೆಯ ಲಕ್ಷ್ಮೀದೇವನ ಕಾಲದಲ್ಲಿ ರಾಜಗುರು ಮುನಿಚಂದ್ರದೇವರು ಧರ್ಮದಲ್ಲಿಯೂ ರಾಜನೀತಿಯಲ್ಲಿಯೂ ಮನೆತನಕ್ಕೆ ಆಧಾರಸ್ತಂಭವಾಗಿದ್ದರೆಂದು 1228ರ ಸವದತ್ತಿ ಶಾಸನದಿಂದ ತಿಳಿಯುತ್ತದೆ. ಆದರೆ ಅದರ ಬೆನ್ನಿನಲ್ಲಿಯೇ ದೇವಗಿರಿಯ ಸೇವುಣ ಅರಸ ಸಿಂಘಣನ ದಂಡನಾಯಕನು ರಟ್ಟರನ್ನು ಅಡಗಿಸಿದನು. ಕೋಟೆ ಸೇವುಣರದಾಯಿತು. ಮುಂದೆ ವಿಜಯನಗರದ ಪ್ರಭಾವ ಇಲ್ಲಿಯವರೆಗೂ ಹಬ್ಬಿತು.

1472ರಲ್ಲಿ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾ ಮತ್ತು ಅವನ ಮಂತ್ರಿ ಮಹಮೂದ್ ಗವಾನ್ ಕೋಟೆಗೆ ಮುತ್ತಿಗೆ ಹಾಕಿದರು. ಗೋಡೆಯ ಬುಡದಲ್ಲಿ ಸುರಂಗ ತೋಡಿ ಮದ್ದು ತುಂಬಿ ಸಿಡಿಸುವ ಉಪಾಯವನ್ನು ಇಲ್ಲಿ ಬಳಸಿದರು. ಕಂದಕವನ್ನೂ ಗೋಡೆಯನ್ನೂ ನಂಬಿದ್ದ ಕೋಟೆಗೆ ಇದು ಹೊಸ ಬಗೆಯ ಯುದ್ಧ. ಕೋಟೆ ಬಿದ್ದಿತು. ಬಹಮನಿ ರಾಜ್ಯ ಒಡೆದ ಮೇಲೆ ಬಿಜಾಪುರದ ಆದಿಲ್ ಷಾಹಿಗಳ ಪಾಲಿಗೆ ಬೆಳಗಾವಿ ಬಂದಿತು. ಅವರ ಪ್ರಬಲ ಸರದಾರನಾದ ಅಸದ್ ಖಾನ್ ಲಾರಿ 1549ರಲ್ಲಿ ತೀರಿಕೊಳ್ಳುವವರೆಗೆ ಇದನ್ನು ಜಹಗೀರಾಗಿ ಅನುಭವಿಸಿದನು. 1631ರಲ್ಲಿ ಯಾಕೂಬ್ ಅಲಿ ಖಾನ್ ಎಂಬವನು ಕೋಟೆಯ ಗೋಡೆಯನ್ನು ಬುಡದಿಂದ ಬಲಪಡಿಸಿದನೆಂದು ಪರ್ಷಿಯನ್ ಶಾಸನವಿದೆ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮೊಗಲರು ಬಂದು ಊರಿಗೆ ಅಜಂನಗರವೆಂದು ಹೆಸರಿಟ್ಟರು. ಬಳಿಕ ಮರಾಠರು, 1776ರಲ್ಲಿ ಹೈದರ್ ಅಲಿ, ಪುನಃ ಪೇಶ್ವೆಗಳು. ಕೊನೆಗೆ 1818ರಲ್ಲಿ ಥಾಮಸ್ ಮನ್ರೋ 21 ದಿನಗಳ ಮುತ್ತಿಗೆಯ ನಂತರ ಏಪ್ರಿಲ್ ತಿಂಗಳಿನಲ್ಲಿ ಕೋಟೆಯನ್ನು ಕೈವಶ ಮಾಡಿಕೊಂಡನು.

ಇಷ್ಟೊಂದು ಒಡೆಯರು ಬದಲಾದರೂ ಗೋಡೆ ಮತ್ತು ಕಂದಕ ಉಳಿದುವು. ಕಾರಣ ಸ್ಪಷ್ಟ. ಬಂದ ಒಡೆಯನಿಗೆಲ್ಲ ಗೋಡೆ ಬೇಕಾಗಿತ್ತು. ಬೇಕಾದುದನ್ನು ಅವನು ತನ್ನ ಖರ್ಚಿನಿಂದಲೇ ದುರಸ್ತಿ ಮಾಡಿಸಿದನು. ಬಸದಿಯ ಗತಿ ಬೇರೆಯಾಯಿತು. ದತ್ತಿ ಕೊಟ್ಟ ಅರಸು ಮನೆತನ ಅಳಿಯಿತು. ರಾಜಧಾನಿಯ ಪೇಟೆ ದಂಡಿನ ಠಾಣ್ಯವಾಯಿತು. ಆಯ ಕೊಡುತ್ತಿದ್ದ ವರ್ತಕರು ಚದರಿದರು. ಲೆಕ್ಕ ನೋಡಿಕೊಳ್ಳುತ್ತಿದ್ದ ಆಚಾರ್ಯ ಪರಂಪರೆ ಇಲ್ಲಿಂದ ಕಳಚಿತು. ಮೂರು ಆಸರೆಗಳೂ ಒಂದಾದ ಮೇಲೊಂದು ಕುಸಿದಾಗ ಕಟ್ಟಡಗಳ ಕಲ್ಲು ಕಲ್ಲಾಗಿಯೇ ಉಳಿಯಿತು.

ಊರಿನಲ್ಲಿ ಒಂದು ಐತಿಹ್ಯವಿದೆ. ಒಂದು ಕಾಲದಲ್ಲಿ ಇಲ್ಲಿ 108 ಬಸದಿಗಳಿದ್ದುವು, ಅವುಗಳ ಕಲ್ಲುಗಳೇ ಕೋಟೆಯ ಗೋಡೆಗೆ ಸೇರಿದುವು ಎಂದು ಹೇಳುತ್ತಾರೆ. 108 ಎಂಬ ಸಂಖ್ಯೆ ಭಕ್ತಿಯ ಸಂಖ್ಯೆಯೇ ಹೊರತು ಎಣಿಕೆಯ ಸಂಖ್ಯೆಯಲ್ಲ. ಆದರೂ ಹಳೆಯ ಕಟ್ಟಡಗಳ ಕಲ್ಲು ಹೊಸ ಕಟ್ಟಡಗಳಿಗೆ ಹೋಯಿತೆಂಬುದು ನಿಶ್ಚಯ. ಅಸದ್ ಖಾನನು ಕೋಟೆಯೊಳಗೆ ಕಟ್ಟಿಸಿದ ಸಫಾ ಮಸೀದಿಯ ಕಂಬಗಳಲ್ಲಿ ಎರಡರ ಮೇಲೆ ಶಾಸನಗಳಿವೆ. ಒಂದು 1199ರದು, ಕಾರ್ತವೀರ್ಯನ ಕಾಲದ್ದು. ಇನ್ನೊಂದು 1261ರದು, ಸೇವುಣ ಕೃಷ್ಣನ ಕಾಲದ್ದು. ಇದನ್ನು ಕಹಿಯಿಂದ ಸ್ಮರಿಸಬೇಕಾಗಿಲ್ಲ. ಆ ಕಾಲದ ಅರಸರು ಎಲ್ಲೆಡೆಯೂ ಹೀಗೆಯೇ ನಡೆದರು. ಸಿದ್ಧವಾದ ಕಂಬ ಹತ್ತಿರವಿರುವಾಗ ದೂರದ ಗಣಿಗೆ ಹೋದವರು ವಿರಳ. ಅನಾಥವಾಗಿ ಬಿದ್ದ ಎಷ್ಟೋ ಕಂಬಗಳು ಒಡೆದು ಹಾಳಾದುವು. ಒಂದು ಚಾವಣಿಯನ್ನು ಹೊತ್ತು ನಿಂತ ಕಂಬಗಳು ಉಳಿದು, ತಮ್ಮ ಮೈಮೇಲಿನ ಕಾರ್ತವೀರ್ಯನ ಹೆಸರನ್ನು ಇಂದಿಗೂ ಉಳಿಸಿವೆ. ಬಳಕೆಯಲ್ಲಿರುವುದು ಉಳಿಯುತ್ತದೆ ಎಂಬ ನಿಯಮ ಇಲ್ಲಿಯೂ ಸತ್ಯವಾಯಿತು.

ಬಸದಿ ಉಗ್ರಾಣದ ಅಂಗಳಕ್ಕೆ ಸೇರಿದ ಕಾಲ

ಆಂಗ್ಲರು ಬೆಳಗಾವಿಯನ್ನು ದಂಡಿನ ನೆಲೆಯನ್ನಾಗಿ ಮಾಡಿಕೊಂಡರು. ಕೋಟೆಯೊಳಗೆ ಸೈನ್ಯದ ಮನೆಗಳೂ ಉಗ್ರಾಣಗಳೂ ಎದ್ದುವು. ಪುರಾತತ್ತ್ವಜ್ಞ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪ್ರಾಚೀನ ಕಟ್ಟಡಗಳನ್ನು ಅಳೆದು ಚಿತ್ರಿಸಿ 1874ರಲ್ಲಿ ವರದಿಯನ್ನು ಪ್ರಕಟಿಸಿದನು. ಆ ಕಾಲದಲ್ಲಿ ಕೋಟೆಯ ಒಂದು ಜಿನಾಲಯವು ಸೈನ್ಯದ ಸರಬರಾಜು ಉಗ್ರಾಣದ ಅಂಗಳದೊಳಗೆ ಸೇರಿಹೋಗಿತ್ತು. ತ್ರಿಕಾಲದ ಜಿನರ ಕಮಲ ಅರಳಿದ ಊರಿನಲ್ಲಿ, ಜಿನಮಂದಿರದ ಬಾಗಿಲಿನ ಮುಂದೆ ದಂಡಿನ ಸಾಮಾನುಗಳ ಲೆಕ್ಕ ನಡೆಯುತ್ತಿತ್ತು.

ಶಿಲಾಶಾಸನಗಳ ಕಥೆ ಇನ್ನೂ ವಿಷಾದಕರವಾದುದು. ರಟ್ಟ ಜಿನಾಲಯದ ದತ್ತಿಯನ್ನು ಹೇಳುವ ಆ ಎರಡು ಶಿಲೆಗಳು ಕಡಲನ್ನು ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದುವು. ವಿದ್ವಾಂಸ ಎಲ್. ಡಿ. ಬಾರ್ನೆಟ್ ಅವುಗಳನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪ್ರಕಟಿಸಿದುದರಿಂದಲೇ ಬೀಚಣನ ವ್ಯವಸ್ಥೆ ಲೋಕಕ್ಕೆ ತಿಳಿಯಿತು. ಆ ವಿದ್ವತ್ತಿಗೆ ಕೃತಜ್ಞತೆ ಸಲ್ಲಬೇಕು. ಆದರೂ ಮನೆ ಒಂದು ಕಡೆ, ಮನೆಯ ಕಾಗದಪತ್ರ ಏಳು ಸಮುದ್ರದ ಆಚೆ ಎಂಬಂತಾದ ಸ್ಥಿತಿಯನ್ನು ನೆನೆದರೆ ಸಮಾಜದ ಮನಸ್ಸಿಗೆ ನೋವಾಗದಿರದು. ಹೆಸರುಗಳೂ ದತ್ತಿಗಳೂ ಶಾಸನದಲ್ಲಿ ಭದ್ರವಾಗಿವೆ. ಆದರೆ ಅವನ್ನು ಓದಬೇಕಾದ ಜನರ ಕಣ್ಣಿಗೆ ಅವು ದೂರವಾಗಿವೆ.

ಇಂದಿನ ಸಂರಕ್ಷಣೆ

ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1904ರಲ್ಲಿ ಮೊದಲ ಕಾಯಿದೆ, ಸ್ವಾತಂತ್ರ್ಯಾನಂತರ 1958ರಲ್ಲಿ ಈಗಿನ ಕಾಯಿದೆ ಬಂದುವು. ಕೋಟೆಯೊಳಗಿನ ಪ್ರಾಚೀನ ಸ್ಮಾರಕಗಳ ರಕ್ಷಣೆ ಭಾರತೀಯ ಪುರಾತತ್ತ್ವ ಇಲಾಖೆಯದಾಗಿದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಾಯಿದೆಯು ಹೊಸ ಕಟ್ಟಡ ಒತ್ತಿಬರುವುದನ್ನು ತಡೆಯಬಲ್ಲುದು. ಆದರೆ ಕಲ್ಲಿನ ನಿಜವಾದ ಶತ್ರುಗಳಾದ ನೀರು ಮತ್ತು ಬೇರುಗಳಿಗೆ ಕಾಯಿದೆಯ ಭಯವಿಲ್ಲ.

ಬೆಳಗಾವಿಯ ಮುಂಗಾರು ಮಳೆ ಜೋರಾದುದು. ಕೆಮ್ಮಣ್ಣಿನ ಕಲ್ಲು ನೀರನ್ನು ಹೀರುತ್ತದೆ. ಹಕ್ಕಿ ತಂದು ಬಿಟ್ಟ ಅರಳಿಯ ಬೀಜವೊಂದು ಗೋಡೆಯ ಸಂದಿಯಲ್ಲಿ ಮೊಳೆತರೆ ಮೊದಲ ವರ್ಷ ಅದನ್ನು ಎರಡು ಬೆರಳಿನಿಂದ ಕೀಳಬಹುದು. ಐದು ವರ್ಷ ಬಿಟ್ಟರೆ ಕೊಡಲಿ ಬೇಕು. ಇಪ್ಪತ್ತು ವರ್ಷ ಬಿಟ್ಟರೆ ಮರವನ್ನು ಕಡಿದಾಗ ಗೋಡೆಯೂ ಜೊತೆಗೆ ಬರುತ್ತದೆ. ಚಾವಣಿಯ ನೀರು ಹರಿದುಹೋಗುವ ದಾರಿಯನ್ನು ಎಲೆ ಮುಚ್ಚಿದರೆ ನೀರು ನಿಂತು ಸಂದಿಯ ಗಾರೆ ಸಡಿಲುತ್ತದೆ. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲಿನ ಮೈಯೇ ಪದರಪದರವಾಗಿ ಉದುರುತ್ತದೆ. ಆದುದರಿಂದ ಬಲ್ಲವರು ಹಳೆಯ ಕಟ್ಟಡಕ್ಕೆ ಸುಣ್ಣದ ಗಾರೆಯನ್ನೇ ಬಳಸುತ್ತಾರೆ. ಇವೆಲ್ಲ ಸಣ್ಣ ಕೆಲಸಗಳು, ಅಲ್ಪ ವೆಚ್ಚದ ಕೆಲಸಗಳು. ಆದರೆ ತಪ್ಪದೆ ವರ್ಷಕ್ಕೊಮ್ಮೆ ನಡೆಯಬೇಕಾದ ಕೆಲಸಗಳು. ಒಂದು ವರ್ಷ ಉಳಿಸಿದ ಹತ್ತು ರೂಪಾಯಿ ಹತ್ತು ವರ್ಷದಲ್ಲಿ ಸಾವಿರದ ಸಾಲವಾಗಿ ನಿಲ್ಲುತ್ತದೆ ಎಂಬುದನ್ನು ಅಂಗಡಿಯ ಖಾತೆ ಬರೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆ ಕಲಿಸುವ ಪಾಠ

ಬಿಂಬಪ್ರತಿಷ್ಠೆಯ ಈ ಮಂಗಳ ಸಂದರ್ಭದಲ್ಲಿ ಬೆಳಗಾವಿಯ ಕೋಟೆಯ ಚರಿತ್ರೆಯನ್ನು ಸ್ಮರಿಸುವುದರಲ್ಲಿ ಅರ್ಥವಿದೆ. ಪಂಚಕಲ್ಯಾಣಕ್ಕೆ ಸಾವಿರಾರು ಜನ ಸೇರುತ್ತಾರೆ. ಒಂದೊಂದು ಕಲಶಕ್ಕೂ ಸವಾಲು ಏರುತ್ತದೆ. ಆ ಉತ್ಸಾಹ ಶ್ಲಾಘನೀಯವೇ ಸರಿ. ಆದರೆ ಚಪ್ಪರ ಬಿಚ್ಚಿದ ಮರುದಿನ ಬಸದಿಯ ಖಾತೆಯಲ್ಲಿ ಉಳಿದಿರುವುದೇನು ಎಂಬ ಪ್ರಶ್ನೆಯನ್ನು ಬೀಚಣನು 1204ರಲ್ಲಿಯೇ ಕೇಳಿಕೊಂಡಿದ್ದನು. ಅಂದಿನ ಉಂಬರವಾಣಿ ಗ್ರಾಮದ ಸ್ಥಾನದಲ್ಲಿ ಇಂದು ಮುಟ್ಟಬಾರದ ಮೂಲನಿಧಿಯೊಂದಿರಬೇಕು. ಅದರ ಬಡ್ಡಿ ಮಾತ್ರ ಪೂಜೆಗೂ ದುರಸ್ತಿಗೂ ವೆಚ್ಚವಾಗಬೇಕು. ಅಂದಿನ ವರ್ತಕರ ಆಯದ ಸ್ಥಾನದಲ್ಲಿ ಪ್ರತಿ ಮನೆಯ, ಪ್ರತಿ ಅಂಗಡಿಯ ವಾರ್ಷಿಕ ಕಾಣಿಕೆ ಇರಬೇಕು. ಅದು ಎಷ್ಟು ಅಲ್ಪವಾದರೂ ಚಿಂತೆಯಿಲ್ಲ, ತಪ್ಪಬಾರದು. ಅಂದಿನ ಶುಭಚಂದ್ರ ಭಟ್ಟಾರಕರ ಸ್ಥಾನದಲ್ಲಿ ಹೊಣೆ ಹೊತ್ತು ವರ್ಷವರ್ಷವೂ ಲೆಕ್ಕವನ್ನು ಸಮಾಜದ ಮುಂದಿಡುವವರು ಇರಬೇಕು. ಅಂದಿನ ಶಿಲಾಶಾಸನದ ಸ್ಥಾನದಲ್ಲಿ ದತ್ತಿಯ ಪತ್ರಗಳ ನಕಲು ಒಂದಕ್ಕಿಂತ ಹೆಚ್ಚು ಕಡೆ ಭದ್ರವಾಗಿರಬೇಕು.

ರಟ್ಟ ಜಿನಾಲಯದ ದತ್ತಿ ಕೆಟ್ಟುದು ಬೀಚಣನ ತಪ್ಪಿನಿಂದಲ್ಲ. ಅವನು ಮಾಡಬೇಕಾದುದನ್ನೆಲ್ಲ ಮಾಡಿದನು. ಅವನ ತರುವಾಯ ಬಂದವರ ಕೈಗೆ ಅದನ್ನು ನಡೆಸುವ ಬಲ ಉಳಿಯಲಿಲ್ಲ. ಇಂದು ಅರಸರಿಲ್ಲ, ಮುತ್ತಿಗೆಗಳಿಲ್ಲ, ಕಂದಕದಾಚೆ ಕಾದು ನಿಂತ ದಂಡಿಲ್ಲ. ಆದುದರಿಂದ ಇಂದಿನ ಬಸದಿಯೊಂದು ಬಿದ್ದರೆ ಆ ಹೊಣೆಯನ್ನು ಹೊರಿಸಲು ಸಮಾಜಕ್ಕೆ ಬೇರೆ ಯಾವ ಶತ್ರುವೂ ದೊರೆಯಲಾರನು.

ಕಮಲ ಬಸದಿಯ 72 ದಳಗಳಲ್ಲಿ 24 ದಳಗಳು ಇನ್ನು ಮುಂದೆ ಬರಲಿರುವ ತೀರ್ಥಂಕರರಿಗೆ ಮೀಸಲು. ಕಟ್ಟಿಸಿದವನು ತನ್ನ ಕಾಲಕ್ಕೆ ಮಾತ್ರ ಕಟ್ಟಿಸಲಿಲ್ಲ. ಬರುವವರಿಗೂ ಚಾವಣಿಯಲ್ಲಿ ಸ್ಥಳವಿಟ್ಟನು. ಆ ಚಾವಣಿ ಸೋರದಂತೆ ನೋಡಿಕೊಳ್ಳುವ ಭಾಗ್ಯ ಪ್ರತಿಯೊಂದು ಪೀಳಿಗೆಯ ಶ್ರಾವಕರದು. ಇಂದು ಪ್ರತಿಷ್ಠೆಗೊಳ್ಳುತ್ತಿರುವ ಜಿನಬಿಂಬದ ಮೇಲಿನ ಚಾವಣಿಯೂ ಮುಂದಿನ ಪೀಳಿಗೆಗಳ ಕಾಲಕ್ಕೆ ಬಿಗಿಯಾಗಿಯೇ ಉಳಿಯಲಿ, ಅದಕ್ಕೆ ಬೇಕಾದ ಏರ್ಪಾಡು ಈ ಉತ್ಸವ ಮುಗಿಯುವ ಮೊದಲೇ ಆಗಲಿ ಎಂಬುದೇ ಎಲ್ಲರ ಪ್ರಾರ್ಥನೆಯಾಗಬೇಕು.